ಬರ್ಲಿನ್‌ನಲ್ಲಿ 14 ನಡೆಯ ಡ್ರಾ: ಆಡುವುದೂ ಕ್ಲೇಮ್ ಮಾಡುವುದೂ

ಚೆಸ್ ಟೂರ್ನಿಯ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ, ಅಂದರೆ ಡ್ರಾ, ಸಾಕು ಎಂದಾದರೆ ಕಪ್ಪು ಕಾಯಿಯಲ್ಲಿ ನಾನು ಆಡುವುದು ಬರ್ಲಿನ್ ಡಿಫೆನ್ಸ್ ಎಂಬ ಆರಂಭ. 2000ರಲ್ಲಿ ಲಂಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಕ್ರಾಮ್ನಿಕ್ ಇದನ್ನೇ ಗೋಡೆ ಮಾಡಿಕೊಂಡಿದ್ದರು. ಕ್ಯಾಸ್ಪರೋವ್‌ಗೆ ಆ ಇಡೀ ಪಂದ್ಯದಲ್ಲಿ ಒಂದು ಗೇಮ್ ಕೂಡ ಗೆಲ್ಲಲಾಗಲಿಲ್ಲ. ಅಲ್ಲಿ ನಡೆದದ್ದು ಉದ್ದದ ಎಂಡ್‌ಗೇಮ್. ಇದು ಅದರ ಪಕ್ಕದ ಗಿಡ್ಡ ಕವಲು.

1. ಇ4 ಇ5 2. ನೈಟ್ ಎಫ್3 ನೈಟ್ ಸಿ6 3. ಬಿಷಪ್ ಬಿ5 ನೈಟ್ ಎಫ್6. ಬಿಳಿ ಕ್ಯಾಸಲಿಂಗ್ ಮಾಡಿದೊಡನೆ ನೈಟ್‌ನಿಂದ ಇ4 ಪಾನ್ ಹೊಡೆಯಬೇಕು. 5. ಡಿ4 ನೈಟ್ ಡಿ6. ಈಗ ಬಿಷಪ್ ಸಿ6 ಹೊಡೆದರೆ ಕ್ರಾಮ್ನಿಕ್ ದಾರಿ. ಡಿ ಪಾನ್ ಇ5 ಹೊಡೆದರೆ ನಮ್ಮದು: ನೈಟ್ ಬಿ5ರ ಬಿಷಪ್ ತೆಗೆಯುತ್ತದೆ, 7. ಎ4, ಅದೇ ನೈಟ್ ಡಿ4ಕ್ಕೆ. ಅಲ್ಲಿ ಮೂರು ನೈಟ್‌ಗಳು ಹೊಡೆದಾಡಿ ಬಿಳಿ ಕ್ವೀನ್ ಡಿ4ರಲ್ಲಿ ನಿಲ್ಲುತ್ತದೆ. 9ನೇ ನಡೆ ಡಿ5. ಬಿಳಿ ಆನ್‌ಪಾಸಾಂ (ಎರಡು ಮನೆ ಮುಂದೆ ಬಂದ ಪಾನನ್ನು ಒಂದೇ ಮನೆ ಬಂದಂತೆ ಹೊಡೆಯುವುದು) ಹೊಡೆಯುತ್ತದೆ, ನಮ್ಮ ಕ್ವೀನ್ ಡಿ6ರಲ್ಲಿ ಮರುಹೊಡೆತ.

ಇಬ್ಬರಿಗೂ ಆರಾರು ಪಾನ್. ಕ್ವೀನ್ ಬದಲಾದರೆ ನಮಗೆ ಜೋಡಿ ಬಿಷಪ್ ಉಳಿಯುತ್ತದೆ. ಹಾಗಾಗಿ ಬಿಳಿ ಇ4ರಿಂದ ಚೆಕ್ ಕೊಟ್ಟು ತಪ್ಪಿಸಿಕೊಳ್ಳುತ್ತದೆ. ಇದಕ್ಕೆ ಸಿ8ರ ಬಿಷಪ್ ಅಡ್ಡ ಇಟ್ಟರೆ ಬಿ7 ಹೋಗುತ್ತದೆ, ಕ್ವೀನನ್ನೇ ಇ6ಕ್ಕೆ ತರಬೇಕು. ಬಿಳಿ ಮತ್ತೆ ಡಿ4. ಎಫ್8ರ ಬಿಷಪ್ ಎದ್ದರೆ ಜಿ7 ಬೀಳುತ್ತದೆ, ಆದ್ದರಿಂದ ನಾವೂ ಮತ್ತೆ ಡಿ6. ಇದು 10, 12, 14ನೇ ನಡೆಗಳಲ್ಲಿ ಒಂದೇ ಸ್ಥಿತಿ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕ್ಲೇಮ್ ಮಾಡಬಹುದು, ಅಂದರೆ ಹಕ್ಕಾಗಿ ಕೇಳಬಹುದು.

ಇಲ್ಲೇ ಜನ ಎಡವುವುದು. ಕಾಯಿ ಸರಿಸಿ ಗಡಿಯಾರ ಒತ್ತಿದ ಮೇಲೆ "ಮೂರು ಸಲ ಆಯ್ತು" ಎಂದರೆ ಆ ಹಕ್ಕು ಎದುರಾಳಿಗೆ ಹೋಗಿರುತ್ತದೆ. 14ನೇ ನಡೆಯನ್ನು ಸ್ಕೋರ್‌ಶೀಟ್‌ನಲ್ಲಿ ಬರೆಯಬೇಕು, ಕಾಯಿ ಮುಟ್ಟಬಾರದು, ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ್ನು (ತೀರ್ಪುಗಾರ) ಕರೆಯಬೇಕು. ಕ್ಲೇಮ್ ತಪ್ಪಾದರೆ ಎದುರಾಳಿಗೆ 2 ನಿಮಿಷ ಸೇರುತ್ತದೆ, ಬರೆದ ನಡೆಯನ್ನೇ ಆಡಬೇಕಾಗುತ್ತದೆ. ಕಾಯಿಗಳಷ್ಟೇ ಅಲ್ಲ, ಸರದಿ, ಕ್ಯಾಸಲಿಂಗ್ ಹಕ್ಕು ಕೂಡ ಮೂರೂ ಸಲ ಒಂದೇ ಇರಬೇಕು. ನಡುವೆ ಇನ್ನೂ ಕ್ಯಾಸಲಿಂಗ್ ಮಾಡದ ನಮ್ಮ ರಾಜ ಒಮ್ಮೆ ಕದಲಿದ್ದರೂ ಎಣಿಕೆ ಹೊಸದಾಗಿ ಶುರು. ಕೆಲವು ಟೂರ್ನಿಗಳಲ್ಲಿ 30 ನಡೆಗೆ ಮುಂಚೆ ಮಾತಾಡಿಕೊಂಡು ಡ್ರಾ ಮಾಡುವಂತಿಲ್ಲ, ಅಲ್ಲೂ ಪುನರಾವರ್ತನೆಯ ಕ್ಲೇಮ್ ನಡೆಯುತ್ತದೆ.

ಎದುರಾಳಿ ಡ್ರಾ ಬೇಡವೆಂದು ಇ6ರಲ್ಲಿ ಕ್ವೀನ್ ಹೊಡೆದರೆ ಗಾಬರಿ ಬೇಡ. ಬಿಷಪ್‌ನಿಂದ ಹೊಡೆದು ಉದ್ದದ ಕ್ಯಾಸಲಿಂಗ್ ಮಾಡಿ. ಅಷ್ಟರಲ್ಲೂ ಬಿಳಿಯ ಸಿ1ರ ಬಿಷಪ್, ಬಿ1ರ ನೈಟ್ ಇವೆರಡರಲ್ಲಿ ಒಂದಾದರೂ ಮನೆ ಬಿಟ್ಟಿರುವುದಿಲ್ಲ.