ಕಾಲಿಗಾಗಿ ಕೊಂಡ ಡ್ರಮ್ ಕಿಟ್

ಬಳ್ಳಾರಿ ಸುತ್ತಮುತ್ತಲ ಮದುವೆ ಆರತಕ್ಷತೆ ಮತ್ತು ಗಣೇಶೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಹನ್ನೊಂದು ವರ್ಷ ಎಲೆಕ್ಟ್ರಾನಿಕ್ ಪ್ಯಾಡ್ (ಕೋಲಿನಿಂದ ಬಡಿದರೆ ವಾದ್ಯದ ಸದ್ದು ಕೊಡುವ ಹಲಗೆ) ನುಡಿಸಿದ ನನಗೆ ಕೈ ಪಳಗಿತ್ತೇ ಹೊರತು ಕಾಲು ಪಳಗಿರಲಿಲ್ಲ. ರೋಲ್ಯಾಂಡ್ ಆಕ್ಟೋಪ್ಯಾಡಿನ ಎಂಟು ಪ್ಯಾಡುಗಳಲ್ಲೇ ಢೋಲಕ್, ತಬಲಾ, ಡ್ರಮ್ ಎಲ್ಲವೂ ಸಿಗುವುದರಿಂದ ನಾನು ಕಾಲಿನ ಪೆಡಲಿನಿಂದ ನುಡಿಸಬೇಕಾದ ದೊಡ್ಡ ಡ್ರಮ್ಮಾದ ಕಿಕ್ಕನ್ನೂ ಕೋಲಿನಲ್ಲೇ ಬಾರಿಸುತ್ತಿದ್ದೆ. ಮನೆಯಲ್ಲಿ ಅಭ್ಯಾಸಕ್ಕೆಂದು ಎಲೆಕ್ಟ್ರಾನಿಕ್ ಕಿಟ್ ಕೊಳ್ಳಲು 40,000 ರೂಪಾಯಿ ಕೂಡಿಟ್ಟಾಗ, ಈ ದುಡ್ಡು ಮೊದಲು ಕಾಲಿಗೆ ಸಲ್ಲಬೇಕೆಂದು ತೀರ್ಮಾನಿಸಿದೆ.

ಅಂಗಡಿಯವರು ಮೊದಲು ಹೇಳುವುದು ಎಷ್ಟು ಸದ್ದುಗಳಿವೆ ಎಂಬುದನ್ನು. ನಾನು ಕಣ್ಣಿಟ್ಟಿದ್ದ ಅಲೆಸಿಸ್ ನೈಟ್ರೋ ಮೆಶ್‌ನಲ್ಲಿ 385 ಇವೆ. ಮನೆಯಲ್ಲಿ ಕಲಿಯುವವನಿಗೆ ಅದರಲ್ಲಿ ಹತ್ತು ಸಾಕು. ಅದಕ್ಕಿಂತ ಮುಖ್ಯವಾದದ್ದು ಕಿಕ್ಕಿನ ರಚನೆ. ಅದೇ ವರ್ಗದ ಯಮಾಹಾ ಡಿಟಿಎಕ್ಸ್402ಕೆಯ ಕಿಕ್ಕಿನಲ್ಲಿ ಬೀಟರ್ (ಪೆಡಲಿಗೆ ಜೋಡಿಸಿದ ಬಡಿಯುವ ಸುತ್ತಿಗೆ) ಇರುವುದಿಲ್ಲ, ಪೆಡಲ್ ಒತ್ತಿದರೆ ಸದ್ದು ಬರುತ್ತದೆ. ಗದ್ದಲ ಕಡಿಮೆಯಾದರೂ, ಬೀಟರ್ ಹೋಗಿ ಬಡಿದು ಮರಳಿ ಬರುವ ತೂಕವನ್ನು ಪಾದ ಅರಿಯುವುದೇ ಇಲ್ಲ. ನೈಟ್ರೋದಲ್ಲಿ ನೆಟ್ಟಗೆ ನಿಂತ ಪ್ಯಾಡಿಗೆ ನಿಜವಾದ ಪೆಡಲ್ ಬಡಿಯುತ್ತದೆ. ಜೊತೆಗೆ ಕೋಲಿನಲ್ಲಿ ಬಾರಿಸುವ ಡ್ರಮ್ಮುಗಳಾದ ಸ್ನೇರ್ ಮತ್ತು ಟಾಮ್‌ಗಳಿಗೆ ರಬ್ಬರಿನ ಬದಲು ಬಲೆಯ ಹೊದಿಕೆ. ಗಂಟೆಗಟ್ಟಲೆ ಬಾರಿಸುವ ಮಣಿಕಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಂಗಳೂರಿಗೆ ಹೋಗಿ, ಅಂಗಡಿಯಲ್ಲಿ ನನ್ನದೇ ಹೆಡ್‌ಫೋನ್ ಹಾಕಿಕೊಂಡು ನುಡಿಸಿ ನೋಡಿದೆ. ಸ್ನೇರ್ ಮೇಲೆ ಪಿಸುಮಾತಿನಷ್ಟು ಮೆಲ್ಲಗೆ ಆರಂಭಿಸಿ ಹಂತಹಂತವಾಗಿ ಜೋರು ಮಾಡುತ್ತಾ ಹೋದರೆ ಸದ್ದೂ ಹಾಗೆಯೇ ಏರಬೇಕು, ನಡುವೆ ದಿಢೀರನೆ ಜಿಗಿಯಬಾರದು. ಕ್ರ್ಯಾಶ್ ಎಂಬ ಸಿಂಬಲ್ (ತಾಳದಂಥ ತಟ್ಟೆ) ಬಾರಿಸಿ ಅಂಚನ್ನು ಹಿಡಿದರೆ ಅದು ತಟ್ಟನೆ ನಿಲ್ಲಬೇಕು. ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ಲಾದ ಹೈ-ಹ್ಯಾಟಿನ ಪೆಡಲನ್ನು ಅರ್ಧ ಒತ್ತಿ ಹಿಡಿದಾಗ ನೈಟ್ರೋ ತುಸು ತಡವರಿಸಿತು. ಈ ಬೆಲೆಗೆ ಇಷ್ಟೇ ಎಂದುಕೊಂಡು ಒಪ್ಪಿದೆ. ಆಸನ, ಕೋಲು ಮತ್ತು ಹೆಡ್‌ಫೋನಿನ ಖರ್ಚು ಬೇರೆಯೇ ಇರುವುದರಿಂದ, ಕೂಡಿಟ್ಟ ಅಷ್ಟನ್ನೂ ಕಿಟ್ಟಿಗೇ ಸುರಿಯುವಂತಿಲ್ಲ.

ಹೆಡ್‌ಫೋನ್ ಇದ್ದರೆ ಸದ್ದೇ ಇರುವುದಿಲ್ಲ ಎಂಬ ನನ್ನ ನಂಬಿಕೆ ಮೂರನೇ ದಿನಕ್ಕೆ ಕಳಚಿತು. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ಏನಪಾ, ರಾತ್ರಿ ಹೊತ್ತಿನಾಗ ಮೆಣಸಿನಕಾಯಿ ಕುಟ್ಟಾಕತ್ತೀಯೇನು?" ಎಂದು ಕೇಳಿದರು. ಬಲೆಯ ಮೇಲೆ ಬೀಳುವ ಕೋಲಿನ ಸದ್ದು ಕೋಣೆ ದಾಟುವುದಿಲ್ಲ, ಆದರೆ ಬೀಟರಿನ ಪ್ರತಿ ಏಟೂ ನೆಲದ ಮೂಲಕ ನೇರವಾಗಿ ಕೆಳಗಿಳಿಯುತ್ತದೆ. ನಾನು ಕಾಲಿಗೆಂದು ಆರಿಸಿದ್ದ ಗುಣವೇ ಅವರ ನಿದ್ದೆ ಕೆಡಿಸಿತ್ತು. ಚಾಪೆ ಹಾಸಿದರೆ ಏನೂ ಆಗಲಿಲ್ಲ. ಕೊನೆಗೆ ಎರಡು ಪ್ಲೈವುಡ್ ಹಲಗೆಗಳಿಗೆ ಎದುರುಬದುರಾಗಿ ತೂತು ಕೊರೆಸಿ, ಓಣಿಯ ಹುಡುಗರು ಕ್ರಿಕೆಟ್ ಆಡಿ ಸವೆಸಿದ ಹನ್ನೆರಡು ಟೆನಿಸ್ ಚೆಂಡುಗಳನ್ನು ನಡುವೆ ಕೂರಿಸಿ, ಅದರ ಮೇಲೆ ಕಿಕ್ ಪ್ಯಾಡನ್ನೂ ಪೆಡಲನ್ನೂ ಇಟ್ಟೆ. ಚೆಂಡು ಪೂರ್ತಿ ಹುದುಗದೆ ಅರೆಬರೆ ಕೂರುವಂತೆ ತೂತಿನ ಅಗಲವನ್ನು ಚೆಂಡಿಗಿಂತ ಕಡಿಮೆ, ಐದು ಸೆಂಟಿಮೀಟರ್, ಇರಿಸಿದ್ದೆ. ಮೇಲಿನ ಹಲಗೆ ಕೆಳಗಿನದಕ್ಕಾಗಲಿ ಗೋಡೆಗಾಗಲಿ ತಾಗಿದರೆ ಮಾಡಿದ್ದೆಲ್ಲ ವ್ಯರ್ಥ.

ಟಾಮ್ ಬಾರಿಸಿದಾಗ ಪಕ್ಕದ ಸಿಂಬಲ್ ತಾನಾಗಿ ಸದ್ದು ಮಾಡುವ ಕಾಟವೂ ಇತ್ತು. ಸ್ಟ್ಯಾಂಡಿನ ಕೊಳವೆಯಲ್ಲಿ ಹರಿಯುವ ಕಂಪನವನ್ನು ಸಿಂಬಲ್ಲಿನ ಸೆನ್ಸರ್ ಏಟೆಂದು ತಿಳಿಯುವುದೇ ಇದಕ್ಕೆ ಕಾರಣ. ಹಿಡಿಕೆಗಳನ್ನು ಬಿಗಿಮಾಡಿ, ಸದ್ದು ಹುಟ್ಟಿಸುವ ಪೆಟ್ಟಿಗೆಯಾದ ಮಾಡ್ಯೂಲಿನಲ್ಲಿ, ಪಕ್ಕದ ಕಂಪನವನ್ನು ಕಡೆಗಣಿಸುವ ಮಟ್ಟವಾದ ಆ ಪ್ಯಾಡಿನ ಕ್ರಾಸ್‌ಟಾಕ್ ಏರಿಸಿದ ಮೇಲೆ ನಿಂತಿತು. ಅಜ್ಜಿಗೆ ಈಗ ಒಂಬತ್ತರ ತನಕ ಅಭ್ಯಂತರವಿಲ್ಲ. ಒಂಬತ್ತಾದ ಮೇಲೆ ನಾನು ಕಿಕ್ ಬಿಟ್ಟು ಕೈಯಿಂದಷ್ಟೇ ನುಡಿಸುತ್ತೇನೆ.