ವರ್ಮಿಲಿಯನ್, ಸಿನ್ನಬಾರ್: ಎರಡೂ ಒಂದೇ ಜೀನಾ?

ಎಂಎಸ್ಸಿ ಮೂರನೇ ಸೆಮಿಸ್ಟರ್. ಹಾಸನದ ನಮ್ಮ ಲ್ಯಾಬಿನಲ್ಲಿ ಎರಡು ಬಾಟಲಿ ಹಣ್ಣುನೊಣ ಕೊಟ್ಟರು. ಒಂದರ ಚೀಟಿಯಲ್ಲಿ ವರ್ಮಿಲಿಯನ್, ಇನ್ನೊಂದರಲ್ಲಿ ಸಿನ್ನಬಾರ್. ಕನ್ನಡದಲ್ಲಿ ಎರಡಕ್ಕೂ ಇಂಗಳೀಕವೇ. ಕಣ್ಣೂ ಹಾಗೇ: ಮಾಮೂಲಿ ನೊಣದ ಕಂದುಗೆಂಪಲ್ಲ, ಕುಂಕುಮದ ಕೆಂಪು. ಬೆರೆಸಿಬಿಟ್ಟರೆ ಬೇರ್ಪಡಿಸಲು ನನ್ನಿಂದಾಗದು. "ಒಂದೇ ಜೀನಾ, ಎರಡಾ? ಪುಸ್ತಕ ನೋಡದೆ ಕ್ರಾಸ್ ಹಾಕಿ ಹೇಳು" ಅಂದರು ಮೇಡಂ.

ಲೆಕ್ಕ ಸುಲಭ. ಕ್ರಾಸ್ ಅಂದರೆ ಒಂದರ ಹೆಣ್ಣು, ಇನ್ನೊಂದರ ಗಂಡು ಕೂಡಿಸಿ ಮರಿ ನೋಡುವುದು. ಒಂದೇ ಜೀನಾದರೆ ಮರಿಗೆ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಸಿಗುತ್ತದೆ, ಕಣ್ಣು ಕೆಂಪಾಗಿಯೇ ಉಳಿಯುತ್ತದೆ. ಬೇರೆ ಬೇರೆಯಾದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ಕಂದುಗೆಂಪು ಮರಳುತ್ತದೆ. ಇದು ನಡೆಯಲು ಎರಡೂ ರಿಸೆಸಿವ್ ಆಗಿರಬೇಕು, ಅಂದರೆ ಒಂದು ಒಳ್ಳೆ ಪ್ರತಿ ಇದ್ದರೆ ಕೆಟ್ಟದ್ದು ಅಡಗಿಬಿಡಬೇಕು. ಅದಕ್ಕೇ ಮೊದಲು ಎರಡರ ಗಂಡುಗಳನ್ನೂ ಮಾಮೂಲಿ ಹೆಣ್ಣುಗಳ ಜೊತೆ ಬಿಟ್ಟೆ. ಮರಿಗಳೆಲ್ಲ ಕಂದುಗೆಂಪು.

ರವೆ, ಬೆಲ್ಲ, ಅಗಾರ್ ಕುದಿಸುತ್ತಿದ್ದರೆ ಅಟೆಂಡರ್ ಅಣ್ಣ "ಏನವ್ವಾ, ನೊಣಕ್ಕೂ ಸಜ್ಜಿಗೆನಾ?" ಅನ್ನೋರು. ಒಮ್ಮೆ ಪ್ರೊಪಿಯಾನಿಕ್ ಆಸಿಡ್ ಹಾಕಲು ಮರೆತು ಎಲ್ಲ ಬೂಷ್ಟು ಹಿಡಿಯಿತು. ಇನ್‌ಕ್ಯುಬೇಟರ್ ಕೆಟ್ಟಿತ್ತು, 25 ಡಿಗ್ರಿಯಲ್ಲಿ 10 ದಿನಕ್ಕೆ ಹೊರಬರಬೇಕಾದ ನೊಣ ಡಿಸೆಂಬರ್ ಚಳಿಗೆ ಎರಡು ವಾರ ದಾಟಿಸಿತು. ಹೊರಬಂದ ಕೆಲವೇ ಗಂಟೆಗಳಲ್ಲಿ ಇನ್ನೂ ಯಾವ ಗಂಡಿನ ಜೊತೆಗೂ ಕೂಡದ ವರ್ಜಿನ್ ಹೆಣ್ಣು ಹೆಕ್ಕಬೇಕಲ್ಲ, ಬೆಳಗಿನ ಬಸ್ಸು ತಪ್ಪಿದರೆ ಆ ದಿನ ಹೋಯಿತು.

ವರ್ಮಿಲಿಯನ್ ಹೆಣ್ಣು, ಸಿನ್ನಬಾರ್ ಗಂಡು. ಫಲಿತಾಂಶ? ಅರ್ಧ ಕೆಂಪು, ಅರ್ಧ ಕಂದುಗೆಂಪು! ವರ್ಜಿನ್ ಹೆಕ್ಕುವಾಗ ಎಡವಿದೆ ಅಂದುಕೊಂಡು ಬಾಟಲಿ ಖಾಲಿ ಮಾಡಲು ಸಿಂಕಿನವರೆಗೂ ಹೋಗಿದ್ದೆ. ಏನೋ ಅನ್ನಿಸಿ ವಾಪಸ್ ಬಂದು, ಈಥರ್ ಕೊಟ್ಟು ಮಂಪರು ಬರಿಸಿ, ಮುಂಗಾಲಿನ ಕಪ್ಪು ಬಾಚಣಿಗೆ ನೋಡಿ ಗಂಡು ಹೆಣ್ಣು ಬೇರೆ ಮಾಡಿದೆ. ಕೆಂಪೆಲ್ಲ ಗಂಡು! ವರ್ಮಿಲಿಯನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಮಗನಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ, ಅಪ್ಪನ ಎಕ್ಸ್ ಸಿಗುವುದೇ ಇಲ್ಲ. ಅವನ ಕಣ್ಣು ಈ ಪ್ರಶ್ನೆಗೆ ಸಾಕ್ಷಿಯೇ ಅಲ್ಲ. ಹೆಣ್ಣುಮಕ್ಕಳೆಲ್ಲ ಕಂದುಗೆಂಪು, ಅಂದರೆ ಜೀನುಗಳು ಎರಡು. ಅಮ್ಮ ಅಪ್ಪನನ್ನು ಅದಲುಬದಲು ಮಾಡಿದಾಗ ಗಂಡುಗಳೂ ಕಂದುಗೆಂಪಾದವು.

ಆಮೇಲೆ ಪುಸ್ತಕ ತೆರೆದೆ. ಸಿನ್ನಬಾರ್ ಇರುವುದು ಎರಡನೇ ಕ್ರೋಮೋಸೋಮಿನಲ್ಲಿ. ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ಕಂದು ಬಣ್ಣ ತಯಾರಾಗುವ ದಾರಿಯಲ್ಲಿ ವರ್ಮಿಲಿಯನ್ ಮೊದಲ ಮೆಟ್ಟಿಲು, ಸಿನ್ನಬಾರ್ ನಂತರದ್ದು. ಯಾವುದು ಮುರಿದರೂ ಕಂದು ಇಲ್ಲ, ಕೆಂಪಷ್ಟೇ. 1930ರ ದಶಕದಲ್ಲಿ ಬೀಡಲ್, ಎಫ್ರುಸ್ಸಿ ಎಂಬ ವಿಜ್ಞಾನಿಗಳು ಕಣ್ಣಿನ ಮೊಳಕೆಯನ್ನು ಒಂದು ಮರಿಹುಳದಿಂದ ಇನ್ನೊಂದಕ್ಕೆ ಕಸಿ ಮಾಡಿ ಈ ಮೆಟ್ಟಿಲುಗಳ ಕ್ರಮ ಹಿಡಿದರಂತೆ. ನನಗೆ ಬ್ರಶ್ ಹಿಡಿದರೇ ಕೈ ನಡುಗುತ್ತಿತ್ತು. ಇದರ ತಿರುಗುಮುರುಗೂ ಉಂಟು: ಟಾರ್ಪಿಡೊ, ಫೇಂಟ್ ಲಿಟಲ್ ಬಾಲ್, ಎಲಿಪ್ಸ್ ಎಂದು ಬೇರೆ ಬೇರೆ ಹೆಸರು ಪಡೆದವು ಕೊನೆಗೆ ಇಜಿಎಫ್ಆರ್ (ಜೀವಕೋಶ ಬೆಳವಣಿಗೆಯ ಸಂಕೇತ ಹಿಡಿಯುವ ಪ್ರೋಟೀನು) ಎಂಬ ಒಂದೇ ಜೀನಿನ ರೂಪಗಳೆಂದು ತಿಳಿಯಿತು.

ಈಗ ನಾನೇ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಮೊದಲ ಸಲ ವರ್ಮಿಲಿಯನ್ ಅಮ್ಮನನ್ನೇ ಕೊಟ್ಟು, ಸಿಂಕಿನ ಕಡೆ ಯಾರು ಹೊರಡುತ್ತಾರೋ ನೋಡುತ್ತಾ ನಿಲ್ಲುತ್ತೇನೆ.