ರಸಮೇವಿನ ಜೊತೆ ಹಿಂಡಿ ಎಷ್ಟು? ಅಳೆದು ಕೊಡುವ ಬಗೆ

ಮಲೆನಾಡಿನಲ್ಲಿ ಮೇವಿನ ತಾಪತ್ರಯ ಬೇಸಿಗೆಗೆ ಮುಗಿಯುವುದಿಲ್ಲ. ಆಷಾಢ, ಶ್ರಾವಣದಲ್ಲಿ ಕಣ್ಣು ಹಾಯಿಸಿದಷ್ಟೂ ಹಸಿರಿದ್ದರೂ ಕೊಯ್ದ ಹುಲ್ಲು ಒಣಗುವುದಿಲ್ಲ. ಬಣವೆಯ ಹುಲ್ಲಿಗೆ ನೀರಿಳಿದು ಬೂಸಲು ಹಿಡಿಯುತ್ತದೆ. ಬಿಸಿಲನ್ನು ಕಾಯದೆ ಕೂಡಿಡಬಹುದಾದ ಮೇವೆಂದರೆ ರಸಮೇವು, ಅಂದರೆ ಹಸಿ ಮೇವನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಸೈಲೇಜ್. ಶಿಕಾರಿಪುರ, ಸೊರಬ, ಶಿವಮೊಗ್ಗ ಕಡೆ ಮೆಕ್ಕೆಜೋಳ ಬೆಳೆಯುವವರು ಅದನ್ನು ಸ್ವತಃ ಮಾಡಿಕೊಳ್ಳಬಹುದು. ಹೊಲವಿಲ್ಲದ ತೀರ್ಥಹಳ್ಳಿ, ಹೊಸನಗರದ ಅಡಿಕೆ ತೋಟದವರು ಚೀಲದಲ್ಲಿ ಕಟ್ಟಿದ್ದನ್ನು ಕೊಂಡು ತರಬಹುದು.

ಆದರೆ ರಸಮೇವು ಶುರು ಮಾಡಿದ ಮೇಲೆ ಒಂದು ದೂರು ಹುಟ್ಟುತ್ತದೆ: ಹಸು ಆಸೆಯಿಂದ ತಿನ್ನುತ್ತದೆ, ಮೈ ತುಂಬಿಕೊಳ್ಳುತ್ತದೆ, ಹಾಲು ಮಾತ್ರ ಏರುವುದಿಲ್ಲ. ಮೆಕ್ಕೆಜೋಳದ ರಸಮೇವು ಶಕ್ತಿಯ ಮೇವು, ಪ್ರೋಟೀನಿನ ಮೇವಲ್ಲ. ಅದರ ಒಣ ಪದಾರ್ಥದಲ್ಲಿ, ಅಂದರೆ ನೀರಿನಂಶ ಕಳೆದು ಉಳಿದದ್ದರಲ್ಲಿ, ಪ್ರೋಟೀನ್ ಇರುವುದು ಶೇ 7ರಿಂದ 8 ಮಾತ್ರ. ಹತ್ತು ಲೀಟರ್ ಆಸುಪಾಸು ಕರೆಯುವ ಹಸುವಿನ ಒಟ್ಟು ಆಹಾರದಲ್ಲಿ ಶೇ 11ರಿಂದ 13ರಷ್ಟು ಪ್ರೋಟೀನ್ ಬೇಕು, ಹದಿನೈದು ದಾಟಿದರೆ ಇನ್ನೂ ಹೆಚ್ಚು. ಈ ಅಂತರವನ್ನು ಹಿಂಡಿ, ಪಶು ಆಹಾರ, ಸೊಪ್ಪು ತುಂಬಬೇಕು. ಎಷ್ಟು ತುಂಬಬೇಕೆಂಬುದನ್ನು ಕೈ ಅಂದಾಜಿಗೆ ಬಿಡದೆ ಲೆಕ್ಕ ಹಾಕಿ ನೋಡಿ ಎಂಬುದೇ ನನ್ನ ಒತ್ತಾಯ. ಹಿಂಡಿಯ ಖರ್ಚು ಹಾಲಿನ ದುಡ್ಡನ್ನು ನುಂಗುವುದು ಈ ಅಂದಾಜಿನಲ್ಲಿಯೇ.

ಮೊದಲು ಹಸುವನ್ನು ಅಳೆಯಿರಿ

ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇದ್ದರೆ ತೂಕ 396 ಕಿಲೋ. ಜೊತೆಗೆ ಒಂದು ವಾರದ ಹಾಲನ್ನು ಎರಡೂ ಹೊತ್ತು ಅಳೆದು ಬರೆದಿಡಿ, ಸರಾಸರಿ ತೆಗೆಯಿರಿ.

ಮಲೆನಾಡು ಗಿಡ್ಡ ಸಾಕಿದವರಿಗೆ ಒಂದು ಮಾತು. ಗುಡ್ಡ ಸುತ್ತಿ ಮೇಯುವ, ಒಂದೆರಡು ಲೀಟರ್ ಕೊಡುವ ಈ ಸಣ್ಣ ತಳಿಗೆ ಮುಂದಿನ ಲೆಕ್ಕ ಅನ್ವಯಿಸುವುದಿಲ್ಲ. ಅದಕ್ಕೆ ಹಿಂಡಿ ಸುರಿದು ಹಾಲು ಹೆಚ್ಚಿಸಲು ಹೋಗುವುದು ದುಡ್ಡಿನ ಪೋಲು. ಇಲ್ಲಿ ಹೇಳುತ್ತಿರುವುದು ಕಟ್ಟಿ ಮೇಯಿಸುವ ಜೆರ್ಸಿ, ಎಚ್.ಎಫ್. ಮಿಶ್ರತಳಿಗಳ ವಿಷಯ.

ರಸಮೇವನ್ನು ಹಿಂಡಿ ನೋಡಿ

ಒಂದು ಮುಷ್ಟಿ ರಸಮೇವನ್ನು ಬಿಗಿಯಾಗಿ ಹಿಂಡಿ ಕೈ ಬಿಡಿ. ನೀರು ತೊಟ್ಟಿಕ್ಕಿದರೆ ಒಣ ಪದಾರ್ಥ ಕಡಿಮೆ, ಶೇ 25ರ ಸುತ್ತಮುತ್ತ. ನೀರು ಬಾರದೆ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಶೇ 30ರಿಂದ 35, ಅದೇ ಬೇಕಾದ ಹದ. ಕಾಳು ಹಾಲಿನಿಂದ ಹಿಟ್ಟಿಗೆ ತಿರುಗುವಾಗ ಕೊಯ್ದ ಮೆಕ್ಕೆಜೋಳಕ್ಕೆ ಈ ಹದ ತಾನಾಗಿ ಬರುತ್ತದೆ. ಹುಳಿ ವಾಸನೆ ಇರಬೇಕು. ಮೂಗಿಗೆ ರಾಚುವ ಅಮೋನಿಯಾ ವಾಸನೆಯೋ ಕೊಳೆತ ಬೆಣ್ಣೆಯ ನಾತವೋ ಬಂದರೆ ಪ್ರೋಟೀನ್ ಕೊಳೆತಿದೆ ಎಂದರ್ಥ. ಅಂಥದ್ದನ್ನು, ಬೂಸಲು ಹಿಡಿದ ಅಂಚನ್ನು ಗೋದಲಿಗೆ ಹಾಕಲೇಬೇಡಿ.

ಈಗ ಲೆಕ್ಕ

400 ಕಿಲೋ ತೂಕದ, ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವನ್ನು ತೆಗೆದುಕೊಳ್ಳೋಣ. ಜೀವ ಧಾರಣೆಗೆ ಸುಮಾರು 320 ಗ್ರಾಂ ಪ್ರೋಟೀನ್ ಬೇಕು. ಶೇ 4 ಜಿಡ್ಡಿನ ಪ್ರತಿ ಲೀಟರ್ ಹಾಲಿಗೆ 90 ಗ್ರಾಂನಂತೆ 900 ಗ್ರಾಂ. ಒಟ್ಟು 1,220. ಸ್ವಲ್ಪ ಕೈ ಮುಂದಿಟ್ಟು 1,250 ಗ್ರಾಂ ಎಂದುಕೊಳ್ಳಿ.

ಹಸು ದಿನಕ್ಕೆ 20 ಕಿಲೋ ರಸಮೇವು ತಿನ್ನುತ್ತದೆ. ಶೇ 33 ಒಣ ಪದಾರ್ಥವೆಂದರೆ 6.6 ಕಿಲೋ, ಅದರ ಶೇ 8 ಎಂದರೆ 530 ಗ್ರಾಂ ಪ್ರೋಟೀನ್. ಜೊತೆಗೆ ಎರಡು ಕಿಲೋ ಭತ್ತದ ಹುಲ್ಲಿನಿಂದ 60 ಗ್ರಾಂ. ಸಿಕ್ಕಿದ್ದು 590, ಬೇಕಾದದ್ದು 1,250. ಕೊರತೆ 660 ಗ್ರಾಂ.

ಶೇ 20 ಪ್ರೋಟೀನ್ ಇರುವ ಪಶು ಆಹಾರದಿಂದಲೇ ಇದನ್ನು ತುಂಬುವುದಾದರೆ ದಿನಕ್ಕೆ ಮೂರೂವರೆ ಕಿಲೋ ಬೇಕು. ಇಲ್ಲವೇ ಎರಡು ಕಿಲೋ ಪಶು ಆಹಾರದ ಜೊತೆ ಮುಕ್ಕಾಲು ಕಿಲೋ ಶೇಂಗಾ ಹಿಂಡಿ. ಭತ್ತದ ಹುಲ್ಲಿನ ಜಾಗದಲ್ಲಿ ಅಡಿಕೆ ಹಾಳೆಯನ್ನು ಕತ್ತರಿಸಿ ಹಾಕುವವರಿದ್ದಾರೆ. ನಾರಿಗೆ ಅದು ಸರಿ, ಆದರೆ ಪ್ರೋಟೀನಿನ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ. ನಿಮ್ಮ ಹಸು ಎಂಟು ಲೀಟರ್ ಕೊಟ್ಟರೆ 180 ಗ್ರಾಂ ಕಳೆಯಿರಿ, ಹದಿಮೂರು ಕೊಟ್ಟರೆ 270 ಗ್ರಾಂ ಕೂಡಿಸಿ. ಒಂದು ಕಾಗದದಲ್ಲಿ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿದರೆ ಮನೆಯಲ್ಲಿ ಯಾರು ಮೇವು ಹಾಕಿದರೂ ಅಳತೆ ತಪ್ಪುವುದಿಲ್ಲ.

ಯಾವ ಹಿಂಡಿ?

ಚೀಲದ ಬೆಲೆಯನ್ನಲ್ಲ, ಪ್ರೋಟೀನಿನ ಬೆಲೆಯನ್ನು ಹೋಲಿಸಿ. ಹತ್ತಿಕಾಳು ಹಿಂಡಿಯಲ್ಲಿ ಶೇ 22, ಕಿಲೋಗೆ 35 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಿಲೋ ಪ್ರೋಟೀನಿಗೆ 159 ರೂಪಾಯಿ ಬೀಳುತ್ತದೆ. ಶೇಂಗಾ ಹಿಂಡಿಯಲ್ಲಿ ಶೇ 42, ಕಿಲೋಗೆ 52 ಎಂದಾದರೆ 124 ರೂಪಾಯಿ. ದುಬಾರಿಯಾಗಿ ಕಂಡದ್ದೇ ಇಲ್ಲಿ ಅಗ್ಗ. ಈ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮ್ಮ ಅಂಗಡಿಯ ದರ ಹಾಕಿ ನೋಡಿ. ಸೋಯಾ ಹಿಂಡಿಯಲ್ಲಿ ಶೇ 45ರ ಆಸುಪಾಸು, ಕೊಬ್ಬರಿ ಹಿಂಡಿಯಲ್ಲಿ 20ರಿಂದ 24, ಗೋಧಿ ಬೂಸಾದಲ್ಲಿ 14ರಿಂದ 16 ಇರುತ್ತದೆ. ಬೂಸಾ ಕೊಟ್ಟು ಪ್ರೋಟೀನ್ ಕೊಟ್ಟೆವೆಂದು ನಂಬುವ ಮನೆಗಳು ಬಹಳ. ಎರಡು ಕಿಲೋ ಬೂಸಾ ಕೊಟ್ಟರೂ 300 ಗ್ರಾಂ ದಾಟುವುದು ಕಷ್ಟ.

ಬೆಲೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ರಸಮೇವು ಹುಳಿಯುವಾಗ ಅದರ ಪ್ರೋಟೀನಿನ ಸುಮಾರು ಅರ್ಧ ಭಾಗ ಆಗಲೇ ಒಡೆದು ಸರಳ ಸಾರಜನಕವಾಗಿರುತ್ತದೆ. ಹಸುವಿನ ಮೊದಲ ಹೊಟ್ಟೆಗೆ ಇಳಿದೊಡನೆ ಅದು ಅಮೋನಿಯಾ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡು ತಮ್ಮ ಮೈ ಬೆಳೆಸಿಕೊಂಡರೆ ಹಸುವಿಗೆ ಒಳ್ಳೆಯ ಪ್ರೋಟೀನ್ ದಕ್ಕುತ್ತದೆ, ಇಲ್ಲದಿದ್ದರೆ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಶೇಂಗಾ ಹಿಂಡಿಯೂ ಹೊಟ್ಟೆಯಲ್ಲಿ ಬೇಗ ಒಡೆಯುವಂಥದ್ದು. ಅದಕ್ಕೆ ಹೋಲಿಸಿದರೆ ಹತ್ತಿಕಾಳು ಮತ್ತು ಕೊಬ್ಬರಿ ಹಿಂಡಿಗಳ ಪ್ರೋಟೀನಿನ ಹೆಚ್ಚು ಪಾಲು ಅಲ್ಲಿ ಒಡೆಯದೆ ಮುಂದಕ್ಕೆ ಸಾಗಿ ಕರುಳಿನಲ್ಲಿ ಜೀರ್ಣವಾಗುತ್ತದೆ. ಹಾಗಾಗಿ ಎಂಟು, ಹತ್ತು ಲೀಟರಿನ ಹಸುವಿಗೆ ಶೇಂಗಾ ಹಿಂಡಿ ಒಂದೇ ಸಾಕು. ಹನ್ನೆರಡು ದಾಟಿದ ಹಸುವಿಗೆ ಅರ್ಧ ಪಾಲು ಹತ್ತಿಕಾಳು ಅಥವಾ ಕೊಬ್ಬರಿ ಹಿಂಡಿ ಸೇರಿಸುವುದು ನನ್ನ ದೃಷ್ಟಿಯಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ.

ಮಳೆಗಾಲದಲ್ಲಿ ಹಿಂಡಿಯನ್ನು ತಿಂಗಳಾನುಗಟ್ಟಲೆ ದಾಸ್ತಾನು ಮಾಡಬೇಡಿ. ನಮ್ಮ ಥಂಡಿಗೆ ಶೇಂಗಾ ಹಿಂಡಿ ಬೇಗ ಬೂಸಲು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಕಟ್ಟುತ್ತದೆ. ಈ ವಿಷ ಹಾಲಿಗೂ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಆ ಹಾಲನ್ನು ಕುಡಿಯುವವರು ಮೊದಲು ನಮ್ಮ ಮನೆಯ ಮಕ್ಕಳೇ. ಎರಡು ಮೂರು ವಾರಕ್ಕೆ ಆಗುವಷ್ಟು ತಂದು, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ.

ಕೊಡುವ ಕ್ರಮ

ಒಂದೇ ಹೊತ್ತಿಗೆ ಸುರಿಯಬೇಡಿ. ದಿನದ ಪಾಲನ್ನು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಭಾಗ ಮಾಡಿ ರಸಮೇವಿನ ಜೊತೆಗೇ ಬೆರೆಸಿ ಕೊಡಿ. ಜೋಳದ ಶಕ್ತಿ ಮತ್ತು ಹಿಂಡಿಯ ಸಾರಜನಕ ಒಂದೇ ಹೊತ್ತಿಗೆ ಸೂಕ್ಷ್ಮಜೀವಿಗಳಿಗೆ ಸಿಗಬೇಕು. ಹಿಂಡಿಯನ್ನು ರಾತ್ರಿಯಿಡೀ ಕಲಗಚ್ಚಿನಲ್ಲಿ ನೆನೆಹಾಕುವ ರೂಢಿಯನ್ನು ಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಅದು ಹುಳಿತು ಕೆಡುತ್ತದೆ. ಪುಡಿ ಮಾಡಿ, ಬೇಕಿದ್ದರೆ ಆಗಿಂದಾಗ ನೀರು ಚಿಮುಕಿಸಿ ಸಾಕು. ಹೊಸ ಮೇವಿಗೆ ಏಳರಿಂದ ಹತ್ತು ದಿನ ನಿಧಾನವಾಗಿ ಒಗ್ಗಿಸಿ. ರಸಮೇವನ್ನು ಹಾಲು ಕರೆದ ಮೇಲೆ ಹಾಕಿದರೆ ವಾಸನೆ ಹಾಲಿಗೆ ಹತ್ತುವುದಿಲ್ಲ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಮರೆಯಬಾರದು.

ಬೇಲಿಯಲ್ಲಿ ಬೆಳೆಯುವ ಪ್ರೋಟೀನ್

ಕೊಂಡು ತರುವುದಕ್ಕೆ ಮೊದಲು ತೋಟ ನೋಡಿ. ಗ್ಲಿರಿಸಿಡಿಯಾ ಸೊಪ್ಪಿನ ಒಣ ಪದಾರ್ಥದಲ್ಲಿ ಶೇ 20ರ ಆಸುಪಾಸು ಪ್ರೋಟೀನ್ ಇದೆ. ಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಸೊಪ್ಪೂ ಪ್ರೋಟೀನಿಗೆ ಒಳ್ಳೆಯದು. ಐದು ಕಿಲೋ ಹಸಿ ಗ್ಲಿರಿಸಿಡಿಯಾದಿಂದ 200 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸಿಗುತ್ತದೆ, ಅಂದರೆ ಒಂದು ಕಿಲೋ ಪಶು ಆಹಾರ ಉಳಿಯಿತು. ಅದರ ವಾಸನೆಗೆ ಹಸು ಮೊದಲು ಮುಖ ತಿರುಗಿಸಬಹುದು. ಕೆಲವು ಗಂಟೆ ಬಾಡಿಸಿ ರಸಮೇವಿನಲ್ಲಿ ಬೆರೆಸಿ. ಸುಬಾಬುಲ್ ಇದ್ದರೆ ಹಸಿರು ಮೇವಿನ ಮೂರನೇ ಒಂದು ಭಾಗ ಮೀರದಿರಲಿ, ಮೀರಿದರೆ ಕೂದಲು ಉದುರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ತೋಟದ ಸೊಪ್ಪು, ಹಾಳೆ ಎರಡನ್ನೂ ಹಸುವಿಗೆ ಹಾಕಬೇಡಿ, ಅದರಲ್ಲಿ ತಾಮ್ರವಿದೆ. ಭತ್ತ ಕೊಯ್ದ ಗದ್ದೆಯಲ್ಲಿ ತೇವ ಆರುವ ಮೊದಲು ಅಲಸಂದೆ ಚೆಲ್ಲಿದರೆ ಬೇಸಿಗೆಯ ಆರಂಭಕ್ಕೆ ಹಸಿರು ಪ್ರೋಟೀನ್ ಸಿದ್ಧ.

ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ ಅಜೋಲಾದ ಬಗ್ಗೆ ಜನರಿಗೆ ಬಹಳ ಆಸೆ. ಅದರಲ್ಲಿ ಶೇ 93ಕ್ಕೂ ಹೆಚ್ಚು ನೀರು. ಎರಡು ಕಿಲೋ ಕೊಟ್ಟರೆ 30 ಗ್ರಾಂ ಪ್ರೋಟೀನ್ ಸಿಗಬಹುದು. ತೊಟ್ಟಿ ಇದ್ದರೆ ಕೊಡಿ, ಅದನ್ನು ನಂಬಿ ಹಿಂಡಿ ನಿಲ್ಲಿಸಬೇಡಿ.

ಯೂರಿಯಾ ವಿಷಯದಲ್ಲಿ ಎಚ್ಚರ

ರಸಮೇವು ತುಂಬುವಾಗ ಒಂದು ಟನ್‌ಗೆ 5 ಕಿಲೋ ಯೂರಿಯಾವನ್ನು ಸಮನಾಗಿ ಚಿಮುಕಿಸಿದರೆ ಒಣ ಪದಾರ್ಥದ ಪ್ರೋಟೀನ್ ಶೇ 8ರಿಂದ 12ಕ್ಕೆ ಏರುತ್ತದೆ. ಹಿಂಡಿಯ ಖರ್ಚು ಇಳಿಯುವುದು ನಿಜ. ಆದರೆ ಇದು ಹದವಾದ, ಸಾಕಷ್ಟು ಕಾಳಿರುವ ಮೆಕ್ಕೆಜೋಳಕ್ಕೆ ಮಾತ್ರ. ನೀರು ತೊಟ್ಟಿಕ್ಕುವ ಮೇವಿಗೆ ಬೇಡ. ಆರು ತಿಂಗಳೊಳಗಿನ ಕರುವಿಗೆ ಅಂಥ ಮೇವನ್ನು ಕೊಡಲೇಬಾರದು. ಯೂರಿಯಾ ಸೇರಿದ ಪಶು ಆಹಾರವನ್ನು ಅದರ ಮೇಲೆ ಕೊಡುವುದೂ ತಪ್ಪು. ಒಂದು ಕಡೆ ಗಂಟುಗಟ್ಟಿದ ಯೂರಿಯಾ ಬಾಯಿಗೆ ಸಿಕ್ಕರೆ ಹೊಟ್ಟೆ ಉಬ್ಬಿ, ಮೈ ನಡುಗಿ, ಹಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅಳತೆ, ಬೆರೆಸುವ ಬಗೆ ಎರಡನ್ನೂ ಪಶುವೈದ್ಯರಿಂದ ಎದುರಿಗೆ ನಿಂತು ಕಲಿತ ಮೇಲೆಯೇ ಕೈ ಹಾಕಿ.

ಎರಡು ವಾರದ ನಂತರ ಮತ್ತೆ ಅಳೆಯಿರಿ

ಹಾಲು ಅರ್ಧ, ಒಂದು ಲೀಟರ್ ಏರಿದೆಯೇ, ಡೇರಿಯ ಚೀಟಿಯಲ್ಲಿ ಎಸ್.ಎನ್.ಎಫ್. (ಜಿಡ್ಡು ಬಿಟ್ಟು ಉಳಿದ ಘನಾಂಶ) ಶೇ 8.5ರ ಹತ್ತಿರ ನಿಂತಿದೆಯೇ ನೋಡಿ. ಏರಿದ ಹಾಲಿನ ದುಡ್ಡು ಹೆಚ್ಚಿದ ಹಿಂಡಿಯ ದುಡ್ಡಿಗಿಂತ ಕಡಿಮೆಯಿದ್ದರೆ ಕಾಲು ಕಿಲೋ ಇಳಿಸಿ. ಸಗಣಿ ತೆಳುವಾಗಿ, ಕೊಟ್ಟಿಗೆಯಲ್ಲಿ ಮೂತ್ರದ ಘಾಟು ಹೆಚ್ಚಿ, ಹಸು ಗಬ್ಬ ನಿಲ್ಲದೆ ಮರಳಿ ಮರಳಿ ಬೆದೆಗೆ ಬರುತ್ತಿದ್ದರೆ ಪ್ರೋಟೀನ್ ಅತಿಯಾಗಿದೆಯೇ ಎಂದು ಪಶುವೈದ್ಯರನ್ನು ಕೇಳಿ. ಗಬ್ಬದ ಕೊನೆಯ ಎರಡು ತಿಂಗಳಿನ, ಹಾಲು ಬತ್ತಿಸಿದ ಹಸುವಿಗೆ ಹೊಟ್ಟೆ ತುಂಬಾ ರಸಮೇವು ಹಾಕಿದರೆ ಕೊಬ್ಬೇರುತ್ತದೆ, ಕರು ಹಾಕಲು ಕಷ್ಟಪಡುತ್ತದೆ. ಆಗ ರಸಮೇವು ಎಂಟು, ಹತ್ತು ಕಿಲೋಗೆ ಇಳಿಸಿ, ಒಣಹುಲ್ಲು ಹೆಚ್ಚಿಸಿ, ಒಂದೂವರೆ ಕಿಲೋ ಪಶು ಆಹಾರ ಮುಂದುವರಿಸಿ.